ಕ್ರ್ಯಾಪ್ಸ್ ಕಲಿಯೋಣ: ಎರಡು ದಾಳ, ಒಂದು ಏಳು

ಕ್ರ್ಯಾಪ್ಸ್ ಅಂದರೆ ಕ್ಯಾಸಿನೊದಲ್ಲಿ ಎರಡು ದಾಳ ಎಸೆದು ಆಡುವ ಜೂಜು. ಅದರ ಮೇಜಿನ ಮುಂದೆ ಮೊದಲ ಸಲ ನಿಂತಾಗ ನನಗೆ ಅರ್ಥವಾಗಿದ್ದು ಒಂದೇ: ಜನ ಕೂಗುತ್ತಿದ್ದಾರೆ. ಯಾಕೆ ಅಂತ ಗೊತ್ತಾಗಲಿಲ್ಲ. ಏಳು ಬಿತ್ತು, ಎಲ್ಲರೂ ಕುಣಿದರು. ಐದು ನಿಮಿಷ ಬಿಟ್ಟು ಮತ್ತೆ ಏಳು ಬಿತ್ತು, ಎಲ್ಲರ ಮುಖ ಇಳಿಯಿತು. ಅದೇ ದಾಳ, ಅದೇ ಏಳು. ಇದೇನಪ್ಪಾ ಅಂತ ಅರ್ಧ ಗಂಟೆ ಸುಮ್ನೆ ನೋಡಿ, ಒಂದು ಚಿಪ್ (ಹಣದ ಬದಲು ಇಡುವ ಟೋಕನ್) ಕೂಡ ಇಡದೆ ವಾಪಸ್ ಬಂದೆ.

ಆ ಏಳಿನ ಗುಟ್ಟು ಗೊತ್ತಾದರೆ ಆಟದ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಅದಕ್ಕೇ ಇಲ್ಲಿ ಬಾಜಿಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ, ದಾಳದಿಂದ ಶುರು ಮಾಡುತ್ತೇನೆ. ಎರಡು ದಾಳ, ಒಂದು ಬೆಂಕಿಪೊಟ್ಟಣ, ಹಾಳೆ, ಪೆನ್ನು ತಂದಿಟ್ಟುಕೊಳ್ಳಿ. ಕಡ್ಡಿಗಳೇ ನಮ್ಮ ಚಿಪ್.

ಮೊದಲು ಎಣಿಕೆ

ಎರಡು ದಾಳ ಸೇರಿದರೆ 36 ಬಗೆಯಲ್ಲಿ ಬೀಳಬಹುದು. ಒಂದು ಕೆಂಪು, ಇನ್ನೊಂದು ಬಿಳಿ ಅಂದುಕೊಂಡರೆ ಎಣಿಸುವುದು ಸುಲಭ. ಕೆಂಪಿನಲ್ಲಿ 1, ಬಿಳಿಯಲ್ಲಿ 6 ಬಿದ್ದರೂ ಏಳು. ಕೆಂಪಿನಲ್ಲಿ 6, ಬಿಳಿಯಲ್ಲಿ 1 ಬಿದ್ದರೂ ಏಳು. ಇವು ಎರಡು ಬೇರೆ ಬೇರೆ ದಾರಿ. ಹೀಗೆ ಎಣಿಸುತ್ತಾ ಹೋದರೆ ಏಳಕ್ಕೆ ಒಟ್ಟು 6 ದಾರಿ. ಕೆಂಪು ದಾಳದಲ್ಲಿ ಏನೇ ಬೀಳಲಿ, ಅದನ್ನು ಏಳು ಮಾಡುವ ಒಂದು ಮುಖ ಬಿಳಿಯಲ್ಲಿ ಇದ್ದೇ ಇರುತ್ತದೆ. ಬೇರೆ ಯಾವ ಸಂಖ್ಯೆಗೂ ಈ ಅನುಕೂಲ ಇಲ್ಲ.

ಏಳರಿಂದ ಆ ಕಡೆ ಈ ಕಡೆ ದೂರ ಹೋದ ಹಾಗೆಲ್ಲ ಒಂದೊಂದು ದಾರಿ ಕಡಿಮೆ. 6 ಮತ್ತು 8ಕ್ಕೆ ಐದೈದು ದಾರಿ. 5 ಮತ್ತು 9ಕ್ಕೆ ನಾಲ್ಕು ನಾಲ್ಕು. 4 ಮತ್ತು 10ಕ್ಕೆ ಮೂರು ಮೂರು. 3 ಮತ್ತು 11ಕ್ಕೆ ಎರಡೆರಡು. 2 ಮತ್ತು 12ಕ್ಕೆ ಒಂದೊಂದೇ. ಇಷ್ಟನ್ನು ಹಾಳೆಯ ಮೇಲೆ ಬರೆದಿಡಿ. ಮುಂದೆ ಬರುವ ಎಲ್ಲ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ.

ಈಗ ದಾಳವನ್ನು ನೂರು ಸಲ ಉರುಳಿಸಿ, ಬಿದ್ದ ಗರಕ್ಕೆಲ್ಲ ಗೀಟು ಹಾಕಿ. ಲೆಕ್ಕದ ಪ್ರಕಾರ ಏಳು ಹದಿನಾರೋ ಹದಿನೇಳೋ ಸಲ ಬೀಳಬೇಕು. ನಿಮಗೆ 12 ಬರಬಹುದು, 21 ಕೂಡ ಬರಬಹುದು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಏಳು ಬೀಳದೆ ಇಪ್ಪತ್ತು ಗರ ಹೋಗುವುದನ್ನೂ, ಸಾಲಾಗಿ ಮೂರು ಏಳು ಬೀಳುವುದನ್ನೂ ಒಮ್ಮೆ ಕಣ್ಣಾರೆ ನೋಡಿದವರು "ಇನ್ನೇನು ಏಳು ಬಂದೇ ಬರುತ್ತೆ" ಅಂತ ಚಿಪ್ ಸುರಿಯುವುದಿಲ್ಲ. ಹಿಂದಿನ ಗರ ಏನಿತ್ತು ಅಂತ ದಾಳಕ್ಕೆ ಗೊತ್ತಿರಲ್ಲ.

ಒಂದು ಸುತ್ತು

ದಾಳ ಎಸೆಯುವವರಿಗೆ ಶೂಟರ್ ಅಂತ ಹೆಸರು. ಮೇಜಿನ ಸುತ್ತ ಎಷ್ಟೇ ಜನ ಇರಲಿ, ಒಬ್ಬರು ಎಸೆದ ದಾಳದ ಮೇಲೆ ಎಲ್ಲರ ಬಾಜಿ ನಿಂತಿರುತ್ತದೆ. ಕೂಗಾಟಕ್ಕೆ ಕಾರಣ ಇದೇ.

ಸುತ್ತಿನ ಮೊದಲ ಗರವನ್ನು ಕಮ್ ಔಟ್ ಅನ್ನುತ್ತಾರೆ. ಅದಕ್ಕೂ ಮುಂಚೆ ನೀವು ಪಾಸ್ ಲೈನ್ ಅನ್ನುವ ಪಟ್ಟಿಯ ಮೇಲೆ ಚಿಪ್ ಇಡಬೇಕು. ಮೇಜಿನ ಅಂಚಿನ ಉದ್ದಕ್ಕೂ, ಆಟಗಾರರಿಗೆ ಹತ್ತಿರವಾಗಿ ಓಡುವ ಪಟ್ಟಿ ಅದು. ಮೊದಲ ಗರದಲ್ಲಿ 7 ಅಥವಾ 11 ಬಿದ್ದರೆ ಅಲ್ಲೇ ಗೆಲುವು, ಇಟ್ಟಷ್ಟೇ ಸಿಗುತ್ತದೆ. 2, 3 ಅಥವಾ 12 ಬಿದ್ದರೆ ಅಲ್ಲೇ ಸೋಲು. ಈ ಮೂರು ಗರಕ್ಕೇ ಕ್ರ್ಯಾಪ್ಸ್ ಅಂತ ಹೆಸರು.

ಉಳಿದ ಆರು ಸಂಖ್ಯೆಗಳಲ್ಲಿ, ಅಂದರೆ 4, 5, 6, 8, 9, 10ರಲ್ಲಿ ಯಾವುದಾದರೂ ಬಿದ್ದರೆ ಗೆಲುವೂ ಇಲ್ಲ, ಸೋಲೂ ಇಲ್ಲ. ಆ ಸಂಖ್ಯೆ ಪಾಯಿಂಟ್ ಆಗುತ್ತದೆ. ಡೀಲರ್, ಅಂದರೆ ಮೇಜು ನಡೆಸುವ ಕ್ಯಾಸಿನೊದವರು, ಒಂದು ದುಂಡನೆಯ ಬಿಲ್ಲೆಯನ್ನು ಕಪ್ಪು ಮುಖದಿಂದ ಬಿಳಿ ಮುಖಕ್ಕೆ ತಿರುಗಿಸಿ ಆ ಸಂಖ್ಯೆಯ ಮೇಲಿಡುತ್ತಾರೆ. ಬಿಳಿ ಮುಖದಲ್ಲಿ ಆನ್ ಅಂತ ಬರೆದಿರುತ್ತದೆ, ಕಪ್ಪಿನಲ್ಲಿ ಆಫ್. ಮೇಜಿಗೆ ಬಂದ ತಕ್ಷಣ ನೀವು ನೋಡಬೇಕಾದದ್ದು ಈ ಬಿಲ್ಲೆಯನ್ನೇ. ಕಪ್ಪು ಕಂಡರೆ ಹೊಸ ಸುತ್ತು ಶುರುವಾಗಲಿದೆ, ಬಿಳಿ ಕಂಡರೆ ಸುತ್ತು ನಡೆಯುತ್ತಿದೆ.

ಪಾಯಿಂಟ್ ಬಂದ ಮೇಲೆ ಆಟ ಮಗುಚಿಕೊಳ್ಳುತ್ತದೆ. ಈಗ ಆ ಪಾಯಿಂಟ್ ಮತ್ತೆ ಬಿದ್ದರೆ ಗೆಲುವು. ಅದಕ್ಕಿಂತ ಮೊದಲು ಏಳು ಬಿದ್ದರೆ ಸೋಲು. ಮೊದಲ ಗರದಲ್ಲಿ ನೆಂಟನಾಗಿದ್ದ ಏಳು ಎರಡನೇ ಗರದಿಂದ ವೈರಿ. ನಾನು ಅವತ್ತು ನೋಡಿದ ಕುಣಿತ, ಇಳಿದ ಮುಖ, ಎರಡಕ್ಕೂ ವಿವರಣೆ ಇಷ್ಟೇ.

ಒಂದು ಸುತ್ತನ್ನು ಕಡ್ಡಿ ಇಟ್ಟು ಆಡಿ ನೋಡೋಣ. ಹತ್ತು ಕಡ್ಡಿ ಪಾಸ್ ಲೈನ್ ಮೇಲೆ. ಮೊದಲ ಗರ 9, ಅದೇ ಪಾಯಿಂಟ್. ಆಮೇಲೆ 4 ಬಿತ್ತು, ಏನೂ ಆಗಲ್ಲ. 11 ಬಿತ್ತು, ಆಗಲೂ ಏನೂ ಇಲ್ಲ. ಹೊಸಬರು ಇಲ್ಲೇ ಎಡವುತ್ತಾರೆ, 11 ಬಿತ್ತು ಅಂತ ಕೈ ಚಾಚುತ್ತಾರೆ. ಪಾಯಿಂಟ್ ಬಂದ ಮೇಲೆ 11ಕ್ಕೂ 2, 3, 12ಕ್ಕೂ ಪಾಸ್ ಲೈನಿನಲ್ಲಿ ಕಿಮ್ಮತ್ತಿಲ್ಲ. ಮುಂದೆ 6, ಅದೂ ವ್ಯರ್ಥ. ಆಮೇಲೆ 9 ಬಿತ್ತು. ಗೆದ್ದಿರಿ, ಹತ್ತು ಕಡ್ಡಿ ಬಂತು. ಬಿಲ್ಲೆ ಕಪ್ಪಾಯಿತು, ಶೂಟರ್ ಅವರೇ, ಹೊಸ ಕಮ್ ಔಟ್. ಈ ಸಲ 8 ಪಾಯಿಂಟ್ ಆಗಿ, ನಂತರ 5, ನಂತರ 7 ಬಿತ್ತು ಅಂದುಕೊಳ್ಳಿ. ಹತ್ತು ಕಡ್ಡಿ ಹೋಯಿತು. ಇದನ್ನು ಸೆವೆನ್ ಔಟ್ ಅನ್ನುತ್ತಾರೆ. ದಾಳ ಈಗ ಎಡಗಡೆಯವರ ಕೈಗೆ ಹೋಗುತ್ತದೆ. ಕಮ್ ಔಟ್‌ನಲ್ಲಿ ಕ್ರ್ಯಾಪ್ಸ್ ಬಿದ್ದು ಸೋತರೆ ಮಾತ್ರ ಶೂಟರ್ ಬದಲಾಗಬೇಕಿಲ್ಲ, ಅವರೇ ಮತ್ತೆ ಎಸೆಯಬಹುದು.

ಹೀಗೆ ಇಪ್ಪತ್ತು ಸುತ್ತು ಆಡಿ. ಬೇರೆ ಬಾಜಿಯ ಕಡೆ ನೋಡಲೇಬೇಡಿ. ಇಷ್ಟು ಕೈಗೆ ಹತ್ತಿದರೆ ಮೇಜಿನ ಮುಂದೆ ನಿಲ್ಲುವ ಧೈರ್ಯ ಬರುತ್ತದೆ.

ಪಾಸ್ ಲೈನ್ ಎಷ್ಟು ನ್ಯಾಯದ ಬಾಜಿ? ಮೊದಲ ಗರದಲ್ಲಿ ನಿಮ್ಮ ಪರ 8 ದಾರಿ (7ಕ್ಕೆ ಆರು, 11ಕ್ಕೆ ಎರಡು), ವಿರುದ್ಧ 4 ದಾರಿ. ಅಂದರೆ ಅಲ್ಲಿ ನಿಮ್ಮದೇ ಮೇಲುಗೈ. ಆದರೆ 36ರಲ್ಲಿ 24 ಸಲ ಪಾಯಿಂಟ್ ಬೀಳುತ್ತದೆ, ಅಲ್ಲಿಂದ ಮುಂದೆ ಏಳಿನದೇ ರಾಜ್ಯ. ಎಲ್ಲ ಕೂಡಿ ಕಳೆದರೆ 495 ಸುತ್ತಿನಲ್ಲಿ 244 ಗೆಲುವು, 251 ಸೋಲು. ನೂರಕ್ಕೆ ಸುಮಾರು 1.41ರಷ್ಟು ಕ್ಯಾಸಿನೊ ಪಾಲು. ಸಣ್ಣದೇ, ಆದರೆ ಇದೆ.

ಮೇಜಿನ ಮೇಲೆ ಬರೆಯದ ಬಾಜಿ

ಈಗ ನನಗೆ ಬಹಳ ಇಷ್ಟವಾದ ಭಾಗ. ಮೇಜಿಗೆ ಹಾಸಿದ ಬಟ್ಟೆಯ ಮೇಲೆ ಹತ್ತಾರು ಚೌಕ, ಬಣ್ಣ, ಚಿತ್ರ ಇರುತ್ತವೆ. ಆದರೆ ಅಲ್ಲಿರುವುದರಲ್ಲೆಲ್ಲ ಒಳ್ಳೆಯ ಬಾಜಿಗೆ ಚೌಕವೇ ಇಲ್ಲ, ಹೆಸರೂ ಬರೆದಿರುವುದಿಲ್ಲ. ಅದರ ಹೆಸರು ಆಡ್ಸ್.

ಪಾಯಿಂಟ್ ಬಿದ್ದ ಮೇಲೆ, ಪಾಸ್ ಲೈನಿನಲ್ಲಿರುವ ನಿಮ್ಮ ಚಿಪ್‌ಗಳ ಹಿಂದೆ, ಪಟ್ಟಿಯ ಹೊರಗೆ, ಇನ್ನಷ್ಟು ಚಿಪ್ ಇಡಬಹುದು. ಪಾಯಿಂಟ್ ಬಿದ್ದರೆ ಇದಕ್ಕೆ ಸರಿಯಾದ ಲೆಕ್ಕದ ಪ್ರಕಾರ ಹಣ ಬರುತ್ತದೆ, ಕ್ಯಾಸಿನೊ ಒಂದು ಬಿಡಿಗಾಸೂ ಇಟ್ಟುಕೊಳ್ಳುವುದಿಲ್ಲ. ಹಾಳೆ ನೋಡಿ. 4ಕ್ಕೆ ಮೂರು ದಾರಿ, ಏಳಕ್ಕೆ ಆರು. ಸೋಲುವ ದಾರಿ ಗೆಲ್ಲುವ ದಾರಿಯ ಎರಡರಷ್ಟು, ಆದ್ದರಿಂದ 4 ಅಥವಾ 10ರ ಮೇಲೆ 10 ಇಟ್ಟರೆ 20 ಬರುತ್ತದೆ. 5 ಮತ್ತು 9ಕ್ಕೆ ನಾಲ್ಕು ದಾರಿ, ಏಳಕ್ಕೆ ಆರು, ಹಾಗಾಗಿ 10ಕ್ಕೆ 15. 6 ಮತ್ತು 8ಕ್ಕೆ ಐದು ದಾರಿ, ಏಳಕ್ಕೆ ಆರು, ಹಾಗಾಗಿ 10ಕ್ಕೆ 12.

ಎಷ್ಟು ಇಡಬಹುದು ಅನ್ನುವುದಕ್ಕೆ ಮೇಜಿನ ಮಿತಿ ಇರುತ್ತದೆ. ತುಂಬಾ ಕಡೆ ಕಾಣುವ ಮಿತಿ 3-4-5: ಪಾಯಿಂಟ್ 4 ಅಥವಾ 10 ಆದರೆ ಪಾಸ್ ಲೈನಿನ ಮೂರರಷ್ಟು, 5 ಅಥವಾ 9 ಆದರೆ ನಾಲ್ಕರಷ್ಟು, 6 ಅಥವಾ 8 ಆದರೆ ಐದರಷ್ಟು. ಈ ವಿಚಿತ್ರ ಅಳತೆ ಯಾಕೆ ಅಂತ ಕಡ್ಡಿ ಇಟ್ಟು ನೋಡಿದರೆ ತಿಳಿಯುತ್ತದೆ. ಪಾಸ್ ಲೈನಿನಲ್ಲಿ 10 ಇದ್ದರೆ ಆಡ್ಸ್‌ನಲ್ಲಿ 30, 40 ಅಥವಾ 50 ಇಡಬಹುದು. ಗೆದ್ದಾಗ ಮೂರಕ್ಕೂ ಬರುವುದು 60. ಡೀಲರ್‌ಗೆ ಲೆಕ್ಕ ಹಾಕುವ ತಲೆನೋವೇ ಇಲ್ಲ.

ಒಂದು ಎಚ್ಚರಿಕೆ. ಆಡ್ಸ್ ಇಟ್ಟರೆ ಪಾಸ್ ಲೈನಿನ ಮೇಲಿನ ಕ್ಯಾಸಿನೊ ಪಾಲು ಮಾಯ ಆಗುವುದಿಲ್ಲ, ಅದು ಅಲ್ಲೇ ಇರುತ್ತದೆ. ಜಾಸ್ತಿಯಾಗುವುದು ಏರಿಳಿತ ಮಾತ್ರ. ಹಾಗಾಗಿ ಸುತ್ತಿಗೆ 30 ಚಿಪ್ ಹಾಕುವ ಮನಸ್ಸಿದ್ದರೆ 30ನ್ನೂ ಪಾಸ್ ಲೈನಿಗೆ ಸುರಿಯುವ ಬದಲು ಅಲ್ಲಿ 10, ಆಡ್ಸ್‌ಗೆ 20 ಇಡುವುದು ಜಾಣತನ. ಇನ್ನೊಂದು ವಿಷಯ: ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನಿನ ಚಿಪ್ ಹಿಂದಕ್ಕೆ ತೆಗೆಯುವಂತಿಲ್ಲ. ಆಡ್ಸ್ ಚಿಪ್ ಯಾವಾಗ ಬೇಕಾದರೂ ತೆಗೆಯಬಹುದು. ಇದು ಸರಿಯೇ ಅಲ್ವಾ? ನಿಮಗೆ ಅನುಕೂಲ ಇದ್ದ ಮೊದಲ ಗರ ಮುಗಿದ ಮೇಲೆ ಎದ್ದು ಹೋಗಲು ಅವರು ಬಿಟ್ಟಾರೆಯೇ?

ಆಡ್ಸ್ ಇಡುವಾಗ ಭಿನ್ನ ಬರದ ಹಾಗೆ ನೋಡಿಕೊಳ್ಳಿ. 5, 9ಕ್ಕೆ ಸಮಸಂಖ್ಯೆಯಲ್ಲಿ, 6, 8ಕ್ಕೆ ಐದರ ಮಗ್ಗಿಯಲ್ಲಿ ಇಟ್ಟರೆ ಪೂರ್ತಿ ಹಣ ಬರುತ್ತದೆ. ಇಲ್ಲದಿದ್ದರೆ ಚಿಲ್ಲರೆ ಭಾಗ ಮೇಜಿನವರದು.

ಎದುರು ಬದಿ

ಪಾಸ್ ಲೈನಿಗೆ ಎದುರಾಗಿ ಡೋಂಟ್ ಪಾಸ್ ಅಂತ ಇನ್ನೊಂದು ಪಟ್ಟಿ ಇದೆ. ಇಲ್ಲಿ ನೀವು ಶೂಟರ್ ಸೋಲಲಿ ಅಂತ ಬಾಜಿ ಕಟ್ಟುತ್ತೀರಿ. ಮೊದಲ ಗರದಲ್ಲಿ 7, 11 ಬಿದ್ದರೆ ಸೋಲು. 2, 3 ಬಿದ್ದರೆ ಗೆಲುವು. 12 ಬಿದ್ದರೆ ಯಾವುದೂ ಇಲ್ಲ, ಚಿಪ್ ಹಾಗೇ ಉಳಿಯುತ್ತದೆ. ಪಾಯಿಂಟ್ ಬಿದ್ದ ಮೇಲೆ ಏಳು ನಿಮ್ಮ ಕಡೆ. ಆ 12ಕ್ಕೂ ಗೆಲುವು ಕೊಟ್ಟಿದ್ದರೆ ಆಟಗಾರನೇ ಲಾಭದಲ್ಲಿರುತ್ತಿದ್ದ. ಆ ಒಂದೇ ದಾರಿಯನ್ನು ಮುಚ್ಚಿ ಕ್ಯಾಸಿನೊ ತನ್ನ ಪಾಲನ್ನು 1.36ಕ್ಕೆ ತಂದುಕೊಂಡಿದೆ. ಪಾಸ್ ಲೈನಿಗಿಂತ ಕೂದಲೆಳೆಯಷ್ಟು ವಾಸಿ.

ಈ ಆಟದ ಬೇರು ಇಂಗ್ಲೆಂಡಿನ ಹಜಾರ್ಡ್ ಅನ್ನುವ ಹಳೆಯ ದಾಳದಾಟದಲ್ಲಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 19ನೇ ಶತಮಾನದ ಶುರುವಿನಲ್ಲಿ ಅದು ಬೇರೂರಿತು. ಬರ್ನಾರ್ಡ್ ದ ಮರಿನ್ಯಿ ಅನ್ನುವ ಸಿರಿವಂತನ ಹೆಸರು ಇದರ ಜೊತೆ ತಳುಕು ಹಾಕಿಕೊಂಡಿದೆ. ಅವನು ಅಲ್ಲಿನ ಒಂದು ಬೀದಿಗೆ ಈ ಆಟದ ಹೆಸರನ್ನೇ ಇಟ್ಟಿದ್ದ. ಡೋಂಟ್ ಪಾಸ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಜಾನ್ ವಿನ್ ಅನ್ನುವ ದಾಳ ತಯಾರಕನಿಂದ. ಶೂಟರ್ ಪರವಾಗಿಯೂ ವಿರುದ್ಧವಾಗಿಯೂ ಬಾಜಿ ಕಟ್ಟಬಹುದು ಅಂತಾದ ಮೇಲೆ, ಒಂದು ಕಡೆಗೆ ವಾಲುವ ಕಳ್ಳದಾಳ ಇಟ್ಟು ಮೋಸ ಮಾಡುವುದು ಆಟ ನಡೆಸುವವರಿಗೆ ಕಷ್ಟವಾಯಿತು.

ಲೆಕ್ಕದಲ್ಲಿ ವಾಸಿ ಇದ್ದರೂ ಮೊದಲ ದಿನ ಡೋಂಟ್ ಪಾಸ್ ಬೇಡ ಅನ್ನುತ್ತೇನೆ. ಮೇಜಿನವರೆಲ್ಲ ಅಳುವಾಗ ನೀವೊಬ್ಬರೇ ನಗುತ್ತಿರಬೇಕಾಗುತ್ತದೆ. ನಿಯಮದಲ್ಲಿ ತಪ್ಪೇನಿಲ್ಲ, ಆದರೆ ಅಕ್ಕಪಕ್ಕದವರ ನೋಟ ಹಿತವಾಗಿರಲ್ಲ.

ಕಮ್, ಪ್ಲೇಸ್

ಸುತ್ತು ನಡೆಯುವಾಗ ಮೇಜಿಗೆ ಬಂದರೆ ಕಾಯಲೇಬೇಕಿಲ್ಲ. ಕಮ್ ಅಂತ ಬರೆದ ದೊಡ್ಡ ಜಾಗದಲ್ಲಿ ಚಿಪ್ ಇಟ್ಟರೆ ಮುಂದಿನ ಗರವೇ ನಿಮ್ಮ ಪಾಲಿನ ಮೊದಲ ಗರ. 7, 11ಕ್ಕೆ ಗೆಲುವು, 2, 3, 12ಕ್ಕೆ ಸೋಲು, ಬೇರೆ ಬಿದ್ದರೆ ಡೀಲರ್ ನಿಮ್ಮ ಚಿಪ್ಪನ್ನು ಆ ಸಂಖ್ಯೆಗೆ ಸರಿಸುತ್ತಾರೆ. ಪಾಸ್ ಲೈನಿನ ಅವಳಿ ಅಷ್ಟೇ, ಪಾಲೂ ಅದೇ 1.41.

ಪ್ಲೇಸ್ ಬಾಜಿಯಲ್ಲಿ ಮೊದಲ ಗರಕ್ಕೆ ಕಾಯುವ ಗೋಜಿಲ್ಲ, ನಿಮಗೆ ಬೇಕಾದ ಸಂಖ್ಯೆಯನ್ನು ನೀವೇ ಆರಿಸುತ್ತೀರಿ. 6ರ ಮೇಲೆ 12 ಇಟ್ಟರೆ, ಏಳಿಗಿಂತ ಮೊದಲು 6 ಬಿದ್ದಾಗ 14 ಬರುತ್ತದೆ. ನ್ಯಾಯವಾಗಿ ಬರಬೇಕಾದದ್ದು 14.4. ಆ 0.4ರಲ್ಲೇ ಅವರ ಪಾಲು ಅಡಗಿದೆ, ನೂರಕ್ಕೆ ಒಂದೂವರೆ ಆಗುತ್ತದೆ. 8ಕ್ಕೂ ಇದೇ ಲೆಕ್ಕ. 4ರ ಮೇಲೆ 10 ಇಟ್ಟರೆ ಬರುವುದು 18, ಬರಬೇಕಾದದ್ದು 20. ಅಲ್ಲಿ ಪಾಲು 6.67ಕ್ಕೆ ಜಿಗಿಯುತ್ತದೆ. 5, 9ರದ್ದು ಮಧ್ಯದಲ್ಲಿ, 4. ಆದ್ದರಿಂದ ಪ್ಲೇಸ್ ಆಡುವುದಾದರೆ 6 ಮತ್ತು 8 ಮಾತ್ರ ಆಡಿ, ಆರರ ಮಗ್ಗಿಯಲ್ಲಿ ಇಡಿ. ಈ ಚಿಪ್ಪನ್ನು ನೀವೇ ಸಂಖ್ಯೆಯ ಮೇಲೆ ಇಡಬೇಡಿ. ನಿಮ್ಮ ಮುಂದಿರುವ ಖಾಲಿ ಜಾಗದಲ್ಲಿಟ್ಟು "ಪ್ಲೇಸ್ ಸಿಕ್ಸ್" ಅಂತ ಡೀಲರ್‌ಗೆ ಹೇಳಿ.

ಕೆಲವು ಮೇಜಿನ ಮೂಲೆಯಲ್ಲಿ ದೊಡ್ಡದಾಗಿ 6, 8 ಅಂತ ಬರೆದ ಇನ್ನೊಂದು ಚೌಕ ಇರುತ್ತದೆ. ಅದೂ ಇದೇ ಬಾಜಿ, ಆದರೆ 12ಕ್ಕೆ 12 ಮಾತ್ರ ಕೊಡುತ್ತಾರೆ. ಕೈಗೆ ಸಿಗುವ ಜಾಗದಲ್ಲಿದೆ ಅನ್ನುವುದು ಬಿಟ್ಟರೆ ಅದರಲ್ಲಿ ಏನೂ ಹುರುಳಿಲ್ಲ.

ಮಧ್ಯದ ಮಾಯಾಬಜಾರು

ಮೇಜಿನ ನಟ್ಟನಡುವೆ ದಾಳದ ಚಿತ್ರಗಳಿರುವ ಚೌಕಗಳಿರುತ್ತವೆ. 30ರಷ್ಟು, 15ರಷ್ಟು, 9ರಷ್ಟು ಅಂತ ಆಸೆ ಹುಟ್ಟಿಸುವ ಅಂಕಿಗಳು. ಎರಡನ್ನು ಮಾತ್ರ ಹತ್ತಿರದಿಂದ ನೋಡೋಣ.

ಎನಿ ಸೆವೆನ್: ಮುಂದಿನ ಗರ ಏಳು ಬೀಳುತ್ತದೆ ಅಂತ ಬಾಜಿ. 36ರಲ್ಲಿ 6 ದಾರಿ ಗೆಲುವಿಗೆ, 30 ಸೋಲಿಗೆ. ನ್ಯಾಯವಾಗಿ 1ಕ್ಕೆ 5 ಬರಬೇಕು, ಕೊಡುವುದು 4. ಪಾಲು 16.67. ನೂರು ಗರಕ್ಕೆ ಹತ್ತತ್ತು ಚಿಪ್ ಇಟ್ಟರೆ ಸರಾಸರಿ 167 ಚಿಪ್ ಹೋಗುತ್ತದೆ. ಅದೇ ಹತ್ತು ಚಿಪ್ಪನ್ನು ಪಾಸ್ ಲೈನಿನಲ್ಲಿ ನೂರು ಸುತ್ತು ಇಟ್ಟರೆ ಹೋಗುವುದು ಸರಾಸರಿ 14. ಮೇಲಾಗಿ ಒಂದು ಸುತ್ತಿಗೆ ಸರಾಸರಿ ಮೂರಕ್ಕೂ ಹೆಚ್ಚು ಗರ ಬೇಕು, ಅಷ್ಟು ಹೊತ್ತು ಆಡಿದ ಖುಷಿಯೂ ಸಿಗುತ್ತದೆ.

ಹಾರ್ಡ್ ಎಯ್ಟ್: 8 ಬೀಳಬೇಕು, ಅದೂ 4-4 ಆಗಿಯೇ ಬೀಳಬೇಕು. ಗೆಲುವಿಗೆ ಒಂದೇ ದಾರಿ. 5-3, 6-2 ರೀತಿಯಲ್ಲಿ 8 ಬೀಳುವ 4 ದಾರಿ, ಏಳಿನ 6 ದಾರಿ, ಒಟ್ಟು 10 ದಾರಿಯಲ್ಲಿ ಸೋಲು. ಕೊಡುವುದು 1ಕ್ಕೆ 9. ಪಾಲು 9.09. ಹಾರ್ಡ್ ಸಿಕ್ಸ್ ಕೂಡ ಇಷ್ಟೇ. 2-2, 5-5ಕ್ಕೆ ಇನ್ನೂ ಕೆಟ್ಟದು, 11.11.

ಉಳಿದವೂ ಇದೇ ಜಾತಿ. ಮುಂದಿನ ಒಂದೇ ಗರದ ಮೇಲೆ ಕಟ್ಟುವ ಫೀಲ್ಡ್ ಬಾಜಿ ಮಾತ್ರ ಸ್ವಲ್ಪ ಬೇರೆ. 2, 3, 4, 9, 10, 11, 12 ಹೀಗೆ ಏಳು ಸಂಖ್ಯೆ ಒಂದೇ ಚೌಕದಲ್ಲಿ ಕಂಡಾಗ "ಇಷ್ಟೊಂದಾ!" ಅನಿಸುತ್ತದೆ. ನನಗೂ ಅನಿಸಿತ್ತು, ನಾನು ನಿಜವಾದ ಮೇಜಿನಲ್ಲಿ ಇಟ್ಟ ಮೊದಲ ಚಿಪ್ ಅಲ್ಲೇ. ನಿಮ್ಮ ಹಾಳೆ ತೆಗೆದು ದಾರಿ ಕೂಡಿಸಿ ನೋಡಿ: 16 ಮಾತ್ರ. ಬಿಟ್ಟಿರುವ 5, 6, 7, 8 ನಾಲ್ಕೇ ಸಂಖ್ಯೆ, ಆದರೆ ಅವಕ್ಕೆ 20 ದಾರಿ. 2 ಮತ್ತು 12ಕ್ಕೆ ಎರಡರಷ್ಟು ಕೊಟ್ಟರೆ ಪಾಲು 5.56. 12ಕ್ಕೆ ಮೂರರಷ್ಟು ಕೊಡುವ ಮೇಜಿನಲ್ಲಿ 2.78ಕ್ಕೆ ಇಳಿಯುತ್ತದೆ.

ಮೇಜಿನ ಮುಂದೆ

ಚಿಪ್ ಕೊಳ್ಳಲು ನೋಟನ್ನು ಡೀಲರ್ ಕೈಗೆ ಚಾಚಬೇಡಿ. ನಾನು ಚಾಚಿ, ಅವರು ತೆಗೆದುಕೊಳ್ಳದೆ ಹಾಗೇ ನಿಂತಾಗ ಏನು ತಪ್ಪಾಯಿತು ಅಂತಲೇ ತಿಳಿಯಲಿಲ್ಲ. ಪಕ್ಕದವರೊಬ್ಬರು ಮೊಣಕೈ ತಿವಿದು ಬಟ್ಟೆಯ ಕಡೆ ಕಣ್ಣು ತೋರಿಸಿದರು. ಹಣವನ್ನು ಬಟ್ಟೆಯ ಮೇಲೆ ಇಡಬೇಕು, ಅದೂ ದಾಳ ಉರುಳುವ ಹೊತ್ತಲ್ಲ, ಎರಡು ಗರದ ನಡುವೆ.

ಉದ್ದ ಕೋಲು ಹಿಡಿದವರು ಸ್ಟಿಕ್‌ಮ್ಯಾನ್, ದಾಳ ಅವರ ಸುಪರ್ದಿ. ಸರದಿ ಬಂದಾಗ ಅವರು ನಾಲ್ಕಾರು ದಾಳ ತಳ್ಳುತ್ತಾರೆ, ಎರಡನ್ನು ಆರಿಸಿಕೊಳ್ಳಿ. ಒಂದೇ ಕೈಯಲ್ಲಿ ಎತ್ತಿ, ಒಂದೇ ಕೈಯಲ್ಲಿ ಎಸೆಯಿರಿ. ಇನ್ನೊಂದು ಕೈಗೆ ದಾಟಿಸಿದರೆ ತಕ್ಷಣ ತಡೆಯುತ್ತಾರೆ, ದಾಳ ಬದಲಾಯಿಸಿದಿರೋ ಅನ್ನುವ ಅನುಮಾನ. ದಾಳ ಎದುರುಗಡೆಯ ಗೋಡೆಗೆ ತಾಗಿ ಬೀಳಬೇಕು. ಆ ಗೋಡೆಯಲ್ಲಿ ಮೊನಚು ಮೊನಚಾದ ರಬ್ಬರ್ ಉಬ್ಬುಗಳಿರುತ್ತವೆ. ಬೇಕಾದ ಗರ ಬೀಳಿಸುವ ಕೈಚಳಕ ಇದೆ ಅನ್ನುವವರಿಗೆ ಆ ರಬ್ಬರೇ ಉತ್ತರ.

ಯಾರಾದರೂ ಎಸೆಯಲು ಕೈ ಎತ್ತಿದಾಗ ನಿಮ್ಮ ಕೈ ಮೇಜಿನ ಒಳಗೆ ಇರಬಾರದು. ಕೈಗೆ ತಾಗಿ ಏಳು ಬಿದ್ದರೆ ಇಡೀ ಮೇಜು ನಿಮ್ಮನ್ನೇ ದೂರುತ್ತದೆ. ಸುತ್ತು ನಡೆಯುವಾಗ "ಸೆವೆನ್" ಅನ್ನುವ ಮಾತನ್ನೂ ಬಾಯಿಗೆ ತರಬೇಡಿ, ಅಪಶಕುನ ಅನ್ನುತ್ತಾರೆ. ಸ್ಟಿಕ್‌ಮ್ಯಾನ್ ಕೂಡ 11 ಬಿದ್ದಾಗ "ಯೋ" ಅಂತ ಕೂಗುತ್ತಾರೆ. ಇಂಗ್ಲಿಷಿನಲ್ಲಿ ಇಲೆವೆನ್, ಸೆವೆನ್ ಗದ್ದಲದ ನಡುವೆ ಒಂದೇ ಥರ ಕೇಳಿಸುತ್ತವೆ, ಅದಕ್ಕೆ ಈ ಉಪಾಯ. ಶೂಟರ್ ಆಗಲು ಇಷ್ಟವಿಲ್ಲದಿದ್ದರೆ ಸ್ಟಿಕ್‌ಮ್ಯಾನ್‌ಗೆ ಬೇಡ ಅಂತ ತಲೆಯಾಡಿಸಿದರೆ ಸಾಕು, ದಾಳ ಮುಂದಿನವರಿಗೆ ಹೋಗುತ್ತದೆ. ಆಗುವುದಾದರೆ ಪಾಸ್ ಅಥವಾ ಡೋಂಟ್ ಪಾಸ್ ಮೇಲೆ ನಿಮ್ಮ ಬಾಜಿ ಇರಲೇಬೇಕು.

ಮೇಜಿನ ಕನಿಷ್ಠ ಬಾಜಿ ಎಷ್ಟು ಅನ್ನುವ ಫಲಕ ನೋಡಿಕೊಂಡೇ ನಿಲ್ಲಿ. ಕನಿಷ್ಠ 10 ಇದ್ದು, ಆಡ್ಸ್‌ಗೆ 20 ಇಡುವುದಾದರೆ ಒಂದು ಸೆವೆನ್ ಔಟ್‌ಗೆ 30 ಹೋಗುತ್ತದೆ. ಸಾಲಾಗಿ ಏಳೆಂಟು ಸಲ ಹಾಗಾಗುವುದು ಅಪರೂಪವೇನಲ್ಲ. ಮನೆಯಲ್ಲಿ 200 ಕಡ್ಡಿ ಇಟ್ಟುಕೊಂಡು ಇದೇ ರೀತಿ ಆಡಿ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ನೋಡಿ. ಮೂರು ಸಂಜೆ ಆಡಿದರೆ ಮೂರು ಬೇರೆ ಉತ್ತರ ಬರುತ್ತದೆ. ಅದರಲ್ಲಿ ಅತಿ ಕೆಟ್ಟದ್ದನ್ನು ಸಹಿಸಿಕೊಳ್ಳುವಷ್ಟು ಹಣ ಮಾತ್ರ ಜೇಬಿನಲ್ಲಿರಲಿ.

ಹೊರಡುವಾಗ ಉಳಿದ ಸಣ್ಣ ಚಿಪ್‌ಗಳನ್ನು ಬಟ್ಟೆಯ ಮೇಲಿಟ್ಟು "ಕಲರ್" ಅನ್ನಿ. ಡೀಲರ್ ಎಣಿಸಿ ಅದಕ್ಕೆ ಸಮನಾದ ದೊಡ್ಡ ಚಿಪ್ ಕೊಡುತ್ತಾರೆ. ಮೇಜಿನಲ್ಲಿ ನಗದು ಸಿಗುವುದಿಲ್ಲ, ಅದಕ್ಕೆ ಕೇಜ್ ಅನ್ನುವ ಕೌಂಟರ್ ಬೇರೆ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಇನ್ನೂ ನಾಲ್ಕು ಮೇಜು ದಾಟಿಕೊಂಡೇ ಹೋಗುತ್ತದೆ, ಚಿಪ್ ಇದ್ದ ಮುಷ್ಟಿ ಬಿಗಿಯಾಗಿರಲಿ.